ನಡುಹೊಳೆಯಲ್ಲಿ ಟಿವಿ ಸ್ಥಾಪಿಸಿದ ಬಗ್ಗೆ

ಮಾನ್ಯ ಓದುಗರಲ್ಲಿ ವಿನಂತಿ.

ನನ್ನ ಅಕ್ಷರ ದುಂಡಗಿಲ್ಲ. ಒತ್ತು, ದೀರ್ಘಗಳ ವಿಷಯದಲ್ಲಿಯೂ ಧೈರ್ಯ ಸಾಲದು. ಲಿಂಗಸುಗೂರಿನ ಕಚೇರಿಯೊಂದರಲ್ಲಿ ಗುಮಾಸ್ತನಾದ ನಾನು ಇದುವರೆಗೆ ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬುದರ ಆಚೆಗೆ ಏನನ್ನೂ ಬರೆದವನಲ್ಲ. ಆದ ಕಾರಣ ಮೊದಲಿಗೇ ಕ್ಷಮೆ ಕೋರಿ, ಮೇಲ್ಕಾಣಿಸಿದ ವಿಷಯಕ್ಕೆ ಬರುತ್ತೇನೆ.

ನನ್ನ ಮಗಳು ಹುಟ್ಟಿದ್ದು ಹೆಂಡತಿ ನೀಲಮ್ಮನ ತವರಿನಲ್ಲಿ. ಆ ಊರು ಇರುವುದು ಕೃಷ್ಣಾ ಹೊಳೆಯ ನಡುಗಡ್ಡೆಯ ಮೇಲೆ. ಕೂಸಿಗೆ ಮೂರು ತಿಂಗಳು ತುಂಬಿದಾಗ, ತೊಟ್ಟಿಲಿಗೆ ಹಾಕಿ ಹೆಸರಿಡಲು ಊರಿನ ಅಯ್ಯನವರು ಒಂದು ಭಾನುವಾರ ಬೆಳಿಗ್ಗೆ ಹತ್ತೂವರೆಯೊಳಗಿನ ಮುಹೂರ್ತ ಕೊಟ್ಟರು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುವ ಅಧಿಕಾರ ಸೋದರತ್ತೆಯದು. ಹಾಗೆ ಹೇಳುವಾಗ ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುವುದೂ ವಾಡಿಕೆ. ನನಗಿರುವುದು ಒಬ್ಬಳೇ ಅಕ್ಕ, ಮಸ್ಕಿಯ ಬಸಮ್ಮ. ಅವಳು ಬಾರದೆ ನನ್ನ ಮಗಳಿಗೆ ಹೆಸರಿಲ್ಲ.

ಅಡಚಣೆ ಒಂದೇ. ಭಾನುವಾರ ಒಂಬತ್ತರಿಂದ ಹತ್ತರವರೆಗೆ ಟಿವಿಯಲ್ಲಿ ಪೌರಾಣಿಕ ಧಾರಾವಾಹಿ ಬರುತ್ತಿತ್ತು. ಅಕ್ಕ ಮೈ ತೊಳೆದುಕೊಂಡು, ಟಿವಿಗೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ, ಆಮೇಲೆ ಅದರ ಮುಂದೆ ಕೂರುವವಳು. ನಡುಗಡ್ಡೆಯಲ್ಲಿ ಟಿವಿಯ ಮಾತಿರಲಿ, ಆಗ ಕರೆಂಟೇ ಇರಲಿಲ್ಲ.

“ಒಂದು ವಾರ ಬಿಟ್ರ ದೇವ್ರು ಸಿಟ್ಟಾಗಂಗಿಲ್ಲ ಬೇ ಅಕ್ಕಾ,” ಎಂದೆ.

“ಈ ವಾರ ಯುದ್ಧ ಶುರುವಾಗ್ತೈತಿ. ನಿನ್ನ ಮಗಳು ಮೂರು ತಿಂಗಳು ಹೆಸರಿಲ್ದ ಇದ್ದಾಳ, ಇನ್ನೊಂದು ವಾರ ಇದ್ರ ಏನಾಗ್ತೈತಿ?”

“ಹಂಗಾದ್ರ ದೋಣ್ಯಾಗ ಟಿವಿ ಹಚ್ಚತೀನಿ. ನೋಡಕೋತ ಬಾ.”

ಈ ಭರವಸೆ ನೀಡಲು ನನಗಿದ್ದ ಅರ್ಹತೆಯೆಂದರೆ, ಹಿಂದೊಮ್ಮೆ ಮನೆಯ ರೇಡಿಯೋವನ್ನು ಬಿಚ್ಚಿ ಮರಳಿ ಜೋಡಿಸಿದ ಅನುಭವ. ಎರಡು ಸ್ಕ್ರೂ ಉಳಿದಿದ್ದವು. ಆದರೂ ಹಾಡುತ್ತಿತ್ತು.

ಬ್ಯಾಟರಿಯಿಂದಲೂ ನಡೆಯುವ ಚಿಕ್ಕ ಕಪ್ಪು-ಬಿಳುಪು ಟಿವಿಯೊಂದನ್ನು ಸಹೋದ್ಯೋಗಿಯಿಂದಲೂ, ಟ್ರ್ಯಾಕ್ಟರಿನ ಬ್ಯಾಟರಿಯನ್ನು ಪಕ್ಕದ ಮನೆಯ ವೀರೇಶಪ್ಪನವರಿಂದಲೂ ಪಡೆಯಲಾಯಿತು. ಶನಿವಾರ ಸಂಜೆ ನಮ್ಮ ಅಂಗಳದಲ್ಲಿ ಪ್ರಾಯೋಗಿಕ ಪರೀಕ್ಷೆ ಏರ್ಪಡಿಸಿದೆ. ಓಣಿಯ ಜನವೆಲ್ಲ ಚಾಪೆ ತಂದು ಕುಳಿತರು. ಒಂದು ಪೂರ್ತಿ ಸಿನಿಮಾ ಪರೀಕ್ಷೆಗೆ ಒಳಪಟ್ಟಿತು.

“ಬ್ಯಾಟ್ರಿ ಇಳೀತೈತ್ರಿ, ಬಂದ್ ಮಾಡ್ರಿ,” ಎಂದರು ವೀರೇಶಪ್ಪ.

“ಟ್ರ್ಯಾಕ್ಟರ್ ಎಬ್ಬಸೋ ಬ್ಯಾಟ್ರಿ ಒಂದು ಟಿವಿಗೆ ದಣೀತೈತೇನ್ರಿ?” ಎಂದು ನಾನು ನಕ್ಕೆ.

ಭಾನುವಾರ ಬೆಳಿಗ್ಗೆ ಹೊಳೆಯ ದಂಡೆಗೆ ಕಟ್ಟಿದ್ದ ಅಂಬಿಗರ ಹನುಮಣ್ಣನ ದೋಣಿಯಲ್ಲಿ ಬಿದಿರಿನ ಗಳ ನಿಲ್ಲಿಸಿ, ತುದಿಗೆ ಆಂಟೆನಾ ಬಿಗಿದೆ. ತಿರುಗಿಸಿ ತಿರುಗಿಸಿ ನೋಡಿದಾಗ ಚಿತ್ರ ಕನ್ನಡಿಯಂತೆ ಬಂತು. ಗಾಳಿಗೆ ಅಲುಗಬಾರದೆಂದು ಗಳಕ್ಕೆ ಆರು ಮೊಳೆ ಹೊಡೆದು, ಮೇಲೆ ತಂತಿಯನ್ನೂ ಸುತ್ತಿದೆ. ಮನೆಯ ಮಾಳಿಗೆಯ ಮೇಲೆ ಹಾಗೆಯೇ ಮಾಡುತ್ತೇವೆ. ಆದರೆ ಮಾಳಿಗೆ ತಿರುಗುವುದಿಲ್ಲ, ದೋಣಿ ತಿರುಗುತ್ತದೆ. ಈ ಅಂಶ ನನ್ನ ಗಮನಕ್ಕೆ ಬಂದಿರಲಿಲ್ಲ.

ಅಕ್ಕ ಟಿವಿಗೆ ವಿಭೂತಿ ಹಚ್ಚಿದಳು. ಜೊತೆಗೆ ಬಂದಿದ್ದ ನಾಲ್ಕು ಹೆಂಗಸರು ಚಪ್ಪಲಿ ಬಿಟ್ಟು ಕೈಮುಗಿದು ಕುಳಿತರು. ಒಂಬತ್ತಕ್ಕೆ ಟಿವಿಯಲ್ಲಿ ಶಂಖ ಮೊಳಗಿತು. ಹನುಮಣ್ಣ ದೋಣಿಯನ್ನು ನಡುಗಡ್ಡೆಯ ಕಡೆಗೆ ತಿರುಗಿಸಿದ. ದೇವಲೋಕವೆಲ್ಲ ಜೋಳ ಹುರಿದಂತೆ ಚಟಪಟ ಎಂದು ಮಾಯವಾಯಿತು.

“ಲೇ ಶರಣ್ಯಾ, ಏನು ಮಾಡ್ದಿ?” ಎಂದು ಅಕ್ಕ ನನ್ನನ್ನು ಗದರಿದಳು.

ನಾನೇನೂ ಮಾಡಿರಲಿಲ್ಲ. ದೋಣಿಯ ಮೂತಿ ಮಾವನ ಮನೆಯ ಕಡೆಗಿದ್ದರೆ ಚಿತ್ರವಿಲ್ಲ. ಮಾವನ ಮನೆಗೆ ಬೆನ್ನು ಮಾಡಿದರೆ ಚಿತ್ರ ಬರುತ್ತಿತ್ತು. ಮೊಳೆ ಕೀಳಲು ಇಕ್ಕಳ ತಂದಿರಲಿಲ್ಲ.

ನಡುಹೊಳೆಗೆ ಬರುವ ಹೊತ್ತಿಗೆ ನೀರಿನ ಸೆಳೆತಕ್ಕೆ ದೋಣಿ ತಾನೇ ಹೊರಳಿತು. ಸೈನ್ಯಗಳು ಪ್ರತ್ಯಕ್ಷವಾದವು.

“ಇಲ್ಲೇ ನಿಲ್ಲಸಪಾ ಹನುಮಣ್ಣ, ಅಳ್ಳಾಡಬ್ಯಾಡ,” ಎಂದಳು ಅಕ್ಕ.

“ಅದನ್ನ ನನಗ ಹೇಳಿದ್ರ ಏನಾತಬೇ ಯವ್ವಾ, ಹೊಳಿಗೆ ಹೇಳು.”

ನಾನು ಅಧಿಕಾರವಾಣಿಯಿಂದ ಲಂಗರು ಬಿಡಲು ಸೂಚಿಸಿದೆ. ಲಂಗರು ಎಂದರೆ ಸರಪಳಿ ಕಟ್ಟಿದ ಒಂದು ಬೀಸುಕಲ್ಲು. ಅದು ತಳ ಮುಟ್ಟಿತು. ದೋಣಿ ನಿಂತಿತು. ಚಿತ್ರವೂ ಅಲುಗದೆ ನಿಂತಿತು. ಅಕ್ಕ ನನ್ನ ತಲೆ ಸವರಿದಳು. ಆ ದಿನ ನನಗೆ ಸಂದ ಗೌರವ ಅಷ್ಟೇ.

ಯುದ್ಧ ಕಾವೇರುತ್ತಿದ್ದಂತೆ ಚಿತ್ರ ಕುಗ್ಗತೊಡಗಿತು. ಸೈನ್ಯ ಮೊದಲು ಅಂಗೈಯಷ್ಟಾಯಿತು, ಆಮೇಲೆ ಕಡಲೆಯಷ್ಟಾಯಿತು, ಕೊನೆಗೆ ಒಂದು ಚುಕ್ಕೆಯಾಗಿ ಆರಿಹೋಯಿತು.

“ಯಾರು ಗೆದ್ರಲೇ?” ಅಕ್ಕ ಕೇಳಿದಳು.

ಗೆದ್ದವರು ಯಾರೋ ತಿಳಿಯದು. ಸೋತದ್ದು ಬ್ಯಾಟರಿ.

ಹನುಮಣ್ಣ ಸರಪಳಿ ಎಳೆದ. ನಾನೂ ಎಳೆದೆ. ಹೆಂಗಸರೂ ಸೆರಗು ಸಿಕ್ಕಿಸಿಕೊಂಡು ಎಳೆದರು. ಕಲ್ಲು ಮೇಲೇಳಲಿಲ್ಲ.

“ಬಂಡೆ ಸಂದಿಯೊಳಗ ಸಿಕ್ಕೈತ್ರಿ ಸಾಹೇಬ್ರ. ನೀರು ಇಳದ ಮ್ಯಾಲೇ ಬರೋದು.”

“ನೀರು ಯಾವಾಗ ಇಳೀತೈತಿ?”

“ಬ್ಯಾಸಿಗ್ಯಾಗ.”

ಗಡಿಯಾರ ಹತ್ತು ದಾಟಿತ್ತು. ನಡುಗಡ್ಡೆಯ ದಂಡೆಯಲ್ಲಿ ಬೀಗರ ಕಡೆಯ ಜನ ಸಾಲಾಗಿ ನಿಂತಿದ್ದರು. ಸಹಾಯ ಬೇಡಲು ನಾನು ಟವಲು ಬೀಸಿದೆ. ಸಂತೋಷಕ್ಕೆ ಬೀಸುತ್ತಿದ್ದೇನೆಂದು ತಿಳಿದು ಅವರೂ ಟವಲು ಬೀಸಿದರು. ಹೀಗೆ ಐದು ನಿಮಿಷ ಪರಸ್ಪರ ಶುಭಾಶಯ ವಿನಿಮಯವಾಯಿತು.

ಕೊನೆಗೆ ವಿಷಯ ಅರ್ಥವಾದದ್ದು ನೀಲಮ್ಮನಿಗೆ. ದಂಡೆಯಿಂದ ಒಂದು ಹರಿಗೋಲು ಹೊರಟಿತು. ಅದರಲ್ಲಿ ಹುಟ್ಟು ಹಾಕುವ ನನ್ನ ಮಾವ, ಅತ್ತೆ, ನೀಲಮ್ಮ, ಅವಳ ಮಡಿಲಲ್ಲಿ ಕೂಸು. ದೋಣಿಯ ಮಗ್ಗುಲಿಗೆ ಬಂದಾಗ ಹತ್ತೂವರೆಗೆ ನಾಲ್ಕು ನಿಮಿಷವಿತ್ತು.

“ಟಿವಿ ಎಲ್ಲೈತ್ರೀ? ಹಚ್ಚರಿ, ನನ್ನ ಮಗಳೂ ನೋಡಲಿ,” ಎಂದಳು ನೀಲಮ್ಮ, ಗಳದ ತುದಿಯ ಆಂಟೆನಾ ನೋಡುತ್ತ.

ನಾನು ಹೊಳೆಯ ಸೌಂದರ್ಯವನ್ನು ವೀಕ್ಷಿಸುತ್ತಿದ್ದೆ.

ಹರಿಗೋಲು ತಾನೇ ತೊಟ್ಟಿಲಿನಂತೆ ತೂಗುತ್ತಿತ್ತು. ನಾವು ಶಶಿಕಲಾ ಎಂಬ ಹೆಸರು ಗೊತ್ತುಪಡಿಸಿದ್ದೆವು. ಅಕ್ಕ ಸುತ್ತಲಿನ ನೀರನ್ನೊಮ್ಮೆ ನೋಡಿ, ಬಾಗಿ, “ಕುರ್ರ್... ಕೃಷ್ಣವೇಣಿ” ಎಂದುಬಿಟ್ಟಳು. ಕೂಸು ನಕ್ಕಿತು. ಹೆಂಗಸರು ಗುದ್ದಲು ಕೈ ಎತ್ತಿದರು.

“ತಡೀರಿ,” ಎಂದಳು ಅಕ್ಕ. “ಇವತ್ತು ನನ್ನ ಬೆನ್ನಿಗಲ್ಲ. ಇವನ ಬೆನ್ನಿಗೆ ಗುದ್ರಿ.”

ವಾಡಿಕೆಯ ಗುದ್ದು ಹಗುರವಾಗಿರುತ್ತದೆಂದು ಕೇಳಿದ್ದೆ. ತಪ್ಪು ಮಾಹಿತಿ. ಅತ್ತೆಯವರು ಹರಿಗೋಲಿನಿಂದಲೇ ಕೈ ಚಾಚಿ ಎರಡು ಕೊಟ್ಟರು. ಕೊನೆಯದು ನೀಲಮ್ಮನದು, ಅದು ಇಂದಿಗೂ ಚಳಿಗಾಲದಲ್ಲಿ ನೆನಪಾಗುತ್ತದೆ.

ಹರಿಗೋಲು ನಮ್ಮನ್ನೆಲ್ಲ ಸರದಿಯಂತೆ ದಂಡೆಗೆ ಸಾಗಿಸಿತು; ದೋಣಿ ಬೇಸಿಗೆಯವರೆಗೆ ನಡುಹೊಳೆಯಲ್ಲೇ ಉಳಿಯಿತು. ಕೃಷ್ಣವೇಣಿಗೆ ಈಗ ಐದು ವರ್ಷ. ಮೊನ್ನೆ ನಾನು ಟಿವಿಯ ಹಿಂದೆ ಕೈ ಹಾಕಿದಾಗ “ಅಪ್ಪ ಮುಟ್ಟಬ್ಯಾಡ” ಎಂದು ಅಳತೊಡಗಿದಳು. ಯಾರು ಹೇಳಿಕೊಟ್ಟರೋ ವಿಚಾರಣೆ ನಡೆಸಿಲ್ಲ.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ಓದುಗರು ದಯಮಾಡಿ ತಿದ್ದಬೇಕಾಗಿ ಕೋರುತ್ತೇನೆ. ಆದರೆ ಕಾಗದದ ಮೇಲೆ ಮಾತ್ರ. ಬೆನ್ನಿನ ಮೇಲೆ ತಿದ್ದುಪಡಿ ಈಗಾಗಲೇ ಆಗಿದೆ.