ಮಂತ್ರದ ಪುಸ್ತಕ ಮುಗಿಯಿತು, ಮುಂದೇನು ಕೊಡಲಿ?

ಬಾಡಿಗೆ ಪುಸ್ತಕದ ಲೈಬ್ರರಿ ಇಟ್ಟವಳು ಪೆದ್ದರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವರೇ ಚಪ್ಪಲಿ ಹೊರಗೆ ಬಿಟ್ಟು, ನಗುನಗುತ್ತಾ ಒಳಗೆ ಬರುತ್ತಾರೆ. ಕುಂದಾಪುರದ ಬಸ್ ಸ್ಟ್ಯಾಂಡಿನ ಹಿಂದೆ, ಟೈಲರ್ ಅಂಗಡಿಯೊಂದರ ಮಾಳಿಗೆಯಲ್ಲಿ ನಾನು ಹತ್ತು ಹನ್ನೆರಡು ವರ್ಷ ಅಂಥದ್ದೊಂದು ಲೈಬ್ರರಿ ನಡೆಸಿದೆ. ಆಗ ಮಂತ್ರವಿದ್ಯೆ ಕಲಿಯುವ ಮಕ್ಕಳ ಇಂಗ್ಲಿಷ್ ಸರಣಿಯೊಂದು ಊರ ಮಕ್ಕಳಿಗೆಲ್ಲ ಹುಚ್ಚು ಹಿಡಿಸಿತ್ತು. ಹೆಸರು ಬೇಡ, ನಿಮಗೆ ಗೊತ್ತು. ಊಟ ತಿಂಡಿ ಬಿಟ್ಟು ಓದಿದ ಮಕ್ಕಳು ಕೊನೆಯ ಭಾಗ ಮುಗಿಸಿ, ಮುಖ ಸಣ್ಣ ಮಾಡಿಕೊಂಡು ಬಂದು, “ಅಕ್ಕಾ, ಇನ್ನೆಂತ ಓದುದ್?” ಎಂದು ಕೇಳುತ್ತಿದ್ದವು. ಆ ಪ್ರಶ್ನೆಗೆ ಕೂಡಲೇ ಉತ್ತರ ಕೊಡಬೇಕು. ಸ್ವಲ್ಪ ತಡವಾದರೆ ಮಗು ಟಿವಿ ಎದುರು ಕೂತುಬಿಡುತ್ತದೆ, ಮತ್ತೆ ಪುಸ್ತಕದ ಕಡೆ ತಿರುಗುವುದಿಲ್ಲ. ಮಕ್ಕಳಿಗೆ ಪುಸ್ತಕ ಆರಿಸುವುದು ನನಗೆ ಕಷ್ಟವೇ ಅಲ್ಲ. ಮಧ್ಯೆ ಬಂದು ಅಡ್ಡ ನಿಲ್ಲುತ್ತಿದ್ದದ್ದು ದೊಡ್ಡವರು, ಅದರಲ್ಲೂ ಓದಿದ ದೊಡ್ಡವರು.

ಹತ್ತಕ್ಕೆ ಆರು

ಬ್ರಹ್ಮಾವರದ ಕಡೆಯ ಒಬ್ಬ ಲೆಕ್ಚರರು ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗ ಆ ಸರಣಿಯನ್ನು ಎರಡೆರಡು ಸಲ ಓದಿ ಮುಗಿಸಿದ್ದ. ನಾನು ಡ್ರ್ಯಾಗನ್ನಿನ ಕಥೆಯೊಂದನ್ನು ತೆಗೆದು ಕೊಟ್ಟೆ. ಅಪ್ಪ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದ್ರಂಗೆ ಕಲೂಕೆ ಎಂತ ಇತ್ತ್?” ಎಂದರು.

“ಕಲೂಕೆ ಎಂತದೂ ಇಲ್ಲ. ಓದುಕೆ ಇತ್ತ್,” ಎಂದೆ.

ಅವರಿಗೆ ಸಮಾಧಾನವಾಗಲಿಲ್ಲ. ಆದರೂ ಒಯ್ದರು. ಮುಂದಿನ ವಾರ ಅವರೊಬ್ಬರೇ ಬಂದರು, ಮುಖ ದುಮ್ಮೆಂದಿತ್ತು. ಹುಡುಗ ಓದಿ ಮುಗಿಸಿದ ಮೇಲೆ ಈ ಮಹಾನುಭಾವರು ಮನೆಯಲ್ಲೇ ಪರೀಕ್ಷೆ ಇಟ್ಟಿದ್ದರಂತೆ. “ಡ್ರ್ಯಾಗನ್ನಿನ ಗುಣಲಕ್ಷಣಗಳನ್ನು ವಿವರಿಸಿ” ಎಂಬ ಪ್ರಶ್ನೆಗೆ ಮಗ ಹತ್ತಕ್ಕೆ ಆರು ತೆಗೆದಿದ್ದ. ಡ್ರ್ಯಾಗನ್ ಪಾಪದ್ದು, ಕೆಟ್ಟವನು ರಾಜನೇ ಎಂದು ಬರೆದದ್ದಕ್ಕೆ ನಾಲ್ಕು ಅಂಕ ಹೋಗಿತ್ತು.

“ಅಲ್ಲ ಸರ್, ಕಥೆಯಂಗೆ ಹಾಂಗೇ ಇಪ್ಪುದಲ್ದಾ? ನೀವ್ ಓದಿರ್ಯಾ?”

“ನಂಗೆ ಎಲ್ಲಿ ಪುರ್ಸೊತ್ತ್? ಹಿಂದಿನ ರಟ್ಟ್ ಓದಿ ಪ್ರಶ್ನೆ ತೆಗ್ದದ್ದ್.” ಆಮೇಲೆ ಸ್ವರ ತಗ್ಗಿಸಿ, ಬಹಳ ಗಂಭೀರವಾಗಿ ಕೇಳಿದರು: “ಈ ವಿಷಯಕ್ಕೆ ಟ್ಯೂಷನ್ ಕೊಡುವರ್ ಯಾರಾರೂ ಇದ್ರಾ?”

ಗಾಜಿನ ಕಪಾಟು

ಬೈಂದೂರಿನ ಹತ್ತಿರ ಮುಂಬೈ ಹೋಟೆಲಿನ ಧಣಿಯೊಬ್ಬರು ದೊಡ್ಡ ಮನೆ ಕಟ್ಟಿಸಿದ್ದರು. ಗೃಹಪ್ರವೇಶದ ಒಕ್ಕಲಿಗೆ ಮೊದಲು ಕಾರಿನಲ್ಲಿ ಬಂದು, ತನ್ನ ಮಕ್ಕಳಿಗೆ ಆ ಮಂತ್ರದ ಸರಣಿ ಎಂದರೆ ಪ್ರಾಣ, ಅದೇ ತರದ್ದು ಬೇರೆ ಬೇಕು, ನೀವೇ ತರಿಸಿ ಕೊಡಿ ಎಂದರು. ನನಗೆ ಖುಷಿಯೋ ಖುಷಿ. ಒಂದೊಂದರ ಕಥೆಯನ್ನೂ ಹೇಳತೊಡಗಿದೆ. ಅವರು ಕೈ ಎತ್ತಿ ತಡೆದರು.

“ಕಥೆ ಇರ್ಲಿ ಅಕ್ಕ. ಎತ್ರ ಎಷ್ಟ್ ಇತ್ತ್? ಶೋಕೇಸಿನ ಖಾನೆ ಮಾಡ್ಸಿ ಆಯ್ತ್.”

ಪುಸ್ತಕ ತರಿಸಿ, ಎತ್ತರ ಅಳೆದು ಕೊಟ್ಟೆ. ಪುಸ್ತಕದ ಬೆನ್ನಿನ ಬಣ್ಣ ನೋಡಿ ಎರಡನ್ನು ವಾಪಸು ಮಾಡಿದರು, ಸೋಫಾಕ್ಕೆ ಹೊಂದುವುದಿಲ್ಲವಂತೆ. ಒಕ್ಕಲಿಗೆ ನಾನೂ ಹೋಗಿದ್ದೆ. ಗಾಜಿನ ಹಿಂದೆ ಪುಸ್ತಕಗಳು ಸಾಲಾಗಿ ನಿಂತಿದ್ದವು, ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಗುಲಾಬಿ, ಕಪಾಟಿಗೆ ಬೀಗ.

ಬೇಸಿಗೆ ರಜೆಯಲ್ಲಿ ಆ ಮನೆಯ ಮಕ್ಕಳೆರಡೂ ಅಜ್ಜಿಯ ಜೊತೆ ನನ್ನ ಲೈಬ್ರರಿಗೆ ಬಂದು, ಅವೇ ಪುಸ್ತಕಗಳನ್ನು ಬಾಡಿಗೆಗೆ ಕೇಳಿದವು. “ನಿಮ್ಮ ಮನೆಯಲ್ಲೇ ಉಂಟಲ್ಲ?” ಎಂದೆ. ಅಜ್ಜಿ ನನ್ನ ದಡ್ಡತನಕ್ಕೆ ಮರುಗಿದವರ ಹಾಗೆ ತಲೆಯಾಡಿಸಿ ಹೇಳಿದರು: “ಅದ್ ಓದುಕಲ್ಲ ಹೆಣ್ಣೆ, ಚಂದಕ್ಕೆ ಇಪ್ಪುಕೆ.”

ಹೆಡ್ ಮಾಸ್ಟರರ ಷರತ್ತು

ಒಂದು ಶಾಲೆಯ ಹೆಡ್ ಮಾಸ್ಟರರಿಗೆ ಮಕ್ಕಳು ಅರ್ಜಿ ಕೊಟ್ಟಿದ್ದವು, ಆ ಸರಣಿಯ ಹಾಗಿನ ಬೇರೆ ಪುಸ್ತಕ ಶಾಲೆಗೆ ತರಿಸಿ ಎಂದು. ಮಾಸ್ಟರರು ಬಂದು ಷರತ್ತು ಹೇಳಿದರು. ಮಂತ್ರ ಇರಬಾರದು. ದೆವ್ವ ಇರಬಾರದು. ರಕ್ತ ಕೂಡದು. ಮಕ್ಕಳು ತಂದೆತಾಯಿಗೆ ಹೇಳದೆ ಮನೆ ಬಿಟ್ಟು ಹೋಗಬಾರದು. ಉಳಿದಂತೆ ಕಲ್ಪನೆ ಎಷ್ಟು ಬೇಕಾದರೂ ಇರಬಹುದು!

“ಹಾಗಾದರೆ ರೈಲಿನ ವೇಳಾಪಟ್ಟಿ ಒಯ್ಯಿರಿ,” ಎಂದೆ. ಮಾಸ್ಟರರು ನಗಲಿಲ್ಲ. ಆರೋಗ್ಯದ ಮೇಲಿನ ಪುಸ್ತಕವೊಂದನ್ನು ಒಯ್ದರು.

ಅದೇ ವರ್ಷ ಅವರ ಶಾಲೆಯ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆದರು. ಮಕ್ಕಳ ಯಕ್ಷಗಾನ. ಐದನೇ ಕ್ಲಾಸಿನ ಪುಟ್ಟ ರಾಕ್ಷಸ ಬೆಂಕಿಯ ಮಧ್ಯೆ ಆರ್ಭಟಿಸುತ್ತಾ ಬಂದ, ಆರನೇ ಕ್ಲಾಸಿನ ದೇವಿ ಅವನ ಹೊಟ್ಟೆ ಬಗೆದಳು, ಕೆಂಪು ನೀರು ಎದುರು ಸಾಲಿನವರ ಬಿಳಿ ಪಂಚೆಯವರೆಗೂ ಹಾರಿತು. ಬಹಳ ಚಂದ ಮಾಡಿದವು ಮಕ್ಕಳು, ಸುಳ್ಳು ಹೇಳಬಾರದು. ಆಟ ಮುಗಿದ ಮೇಲೆ ಮಾಸ್ಟರರನ್ನು ಹಿಡಿದು ಕೇಳಿದೆ, “ಎಂತ ಸರ್, ದೆವ್ವ, ರಕ್ತ ಎಲ್ಲ ಮಕ್ಕಳಿಗೆ ಆಗುದಿಲ್ಲ ಅಂದಿದ್ರಿ?”

“ಹ್ವಾಯ್, ಇದ್ ಮಕ್ಳ್ ಕಾಂಬುಕಲ್ಲ ಮಾರಾಯ್ರೆ,” ಎಂದರು ಅವರು. “ಮಕ್ಳ್ ಮಾಡುಕೆ ಮಾತ್ರ. ಕಾಂಬುಕೆ ದೊಡ್ಡೋರ್.”

ಬಂಗುಡೆ

ನನ್ನ ಲೈಬ್ರರಿಯ ಓದುಗರಲ್ಲಿ ಎಲ್ಲರಿಗಿಂತ ಚುರುಕು ಗಂಗೊಳ್ಳಿಯ ಒಬ್ಬ ಹುಡುಗಿ. ತಾಯಿ ಮೀನು ಮಾರುವವರು. ಮಂತ್ರದ ಸರಣಿಯನ್ನು ನುಂಗಿ ನೀರು ಕುಡಿದ ಮೇಲೆ ಅವಳಿಗೆ ನಾಲ್ಕು ಭಾಗಗಳ ಇನ್ನೊಂದು ಕಥೆ ಹಿಡಿಸಿದ್ದೆ: ಕಡಲಿನ ಅಡಿಯಲ್ಲಿ ಒಂದು ರಾಜ್ಯ, ಅಲ್ಲಿ ಮೀನುಗಳೆಲ್ಲ ಮಾತಾಡುತ್ತವೆ. ಹುಡುಗಿಯ ಮನೆ ಯಾವುದು, ಕಸುಬು ಯಾವುದು ಎಂದು ಯೋಚಿಸಿ ಪುಸ್ತಕ ಕೊಡುವ ಅಭ್ಯಾಸ ನನಗಿಲ್ಲ.

ಮೊದಲ ಭಾಗ ಮುಗಿದ ವಾರ ತಾಯಿ ಏದುಸಿರು ಬಿಡುತ್ತಾ ಮಾಳಿಗೆ ಹತ್ತಿ ಬಂದರು. “ಎಂತ ಪುಸ್ತಕ ಕೊಟ್ರಿ ಅಕ್ಕ ನೀವ್? ನಮ್ಮ್ ಹೆಣ್ಣ್ ಈಗ ಮೀನ್ ತಿಂಬುದಿಲ್ಲ! ಬೆಳಿಗ್ಗೆ ಬುಟ್ಟಿ ಹತ್ರ ಕೂಕಂಡ್ ಬಂಗುಡೆ ಮೀನಿನ ಹತ್ರ ತಪ್ಪಾಯ್ತ್ ಅಂತ್ ಹೇಳತ್ತ್! ಇನ್ನ್ ಮೇಲೆ ಅದಕ್ಕೆ ಪುಸ್ತಕ ಕೊಡುಕಾಗ.”

ಬೇರೆ ಯಾರು ಬಿಟ್ಟುಹೋದರೂ ತಡೆದುಕೊಂಡೇನು, ಈ ಹುಡುಗಿ ಓದು ಬಿಡುವುದನ್ನು ನನ್ನಿಂದ ನೋಡಲಾಗದು. ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ವಂಡ್ಸೆಯ ಕಡೆ ನೂಲು ಮಂತ್ರಿಸಿ ಕಟ್ಟುವ ಅಜ್ಜನೊಬ್ಬರ ಹತ್ತಿರ ಹುಡುಗಿಯನ್ನು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. ಉಪದ್ರ ಕೊಟ್ಟ ವಸ್ತುವೂ ಎದುರಿಗಿರಬೇಕಂತೆ, ಹಾಗಾಗಿ ಪುಸ್ತಕ ಹಿಡಿದುಕೊಂಡು ನಾನೂ ಹೋಗಬೇಕಾಯಿತು. ಬಸ್ಸಿನುದ್ದಕ್ಕೂ ಆ ಅಜ್ಜನಿಗೆ ಬೈಯಲು ಮಾತು ಜೋಡಿಸುತ್ತಾ ಕೂತೆ.

ಅಜ್ಜ ಪುಸ್ತಕವನ್ನು ಮೂಸಿ ನೋಡಿದರು. “ಇದ್ರಂಗೆ ಎಂತ ಇತ್ತ್ ಮಗಾ? ಹೇಳ್ ಕಾಂಬ,” ಎಂದರು.

ಹುಡುಗಿ ಶುರುಮಾಡಿದಳು. ಇಂಗ್ಲಿಷ್ ಕಥೆಯನ್ನು ನಮ್ಮ ಮಾತಿನಲ್ಲಿ, ಕೈಸನ್ನೆ ಬಾಯಿಸನ್ನೆ ಮಾಡಿ ಅವಳು ಹೇಳುತ್ತಿದ್ದರೆ, ಹೊರಗೆ ಸರದಿಗೆ ಕಾಯುತ್ತಿದ್ದವರೆಲ್ಲ ಒಬ್ಬೊಬ್ಬರೇ ಒಳಗೆ ಬಂದು ಕೂತರು. ನಾನು ಜೋಡಿಸಿಟ್ಟ ಬೈಗುಳ ನನಗೇ ಮರೆತುಹೋಯಿತು. ರಾಜಕುಮಾರಿ ಗುಹೆಯೊಳಗೆ ಹೋದಳು, ಹಿಂದೆ ಬಂಡೆ ಮುಚ್ಚಿಕೊಂಡಿತು. ಹುಡುಗಿ ನಿಲ್ಲಿಸಿದಳು.

“ಮತ್ತೆ?” ಎಂದರು ಅಜ್ಜ.

“ಗೊತ್ತಿಲ್ಲ. ಅದ್ ಎರಡ್ನೇ ಭಾಗದಂಗೆ ಇತ್ತ್. ಅಬ್ಬಿ ಓದುಕೆ ಬಿಡುದಿಲ್ಲ,” ಎಂದು ತಾಯಿಯ ಕಡೆ ಬೆರಳು ತೋರಿಸಿದಳು.

ಅಜ್ಜ ಕಣ್ಣು ಮುಚ್ಚಿದರು. ಕಣ್ಣು ತೆರೆದು ತಾಯಿಯ ಕಡೆ ತಿರುಗಿ, “ಅರ್ಧಕ್ಕೆ ನಿಂತದ್ದೇ ಉಪದ್ರ. ಕಥೆ ಪೂರ್ತಿ ಆಯ್ಕ್. ಪ್ರತಿ ಮಂಗ್ಳಾರ ಬಂದ್ ನನ್ನೆದ್ರ್ ಹೇಳ್ಕ್,” ಎಂದು ಅಪ್ಪಣೆ ಮಾಡಿ, ಹುಡುಗಿಯ ಕೈಗೊಂದು ನೂಲು, ಪುಸ್ತಕಕ್ಕೊಂದು ನೂಲು ಕಟ್ಟಿದರು.

“ಮೀನ್ ಎಂತ ಮಾಡುದ್?” ಎಂದರು ತಾಯಿ, ಅಳು ಸ್ವರದಲ್ಲಿ.

ಅಜ್ಜ ಹುಡುಗಿಯನ್ನು ಕೇಳಿದರು, “ಕಥೆಯೊಳ್ಗೆ ಬಂಗುಡೆ ಮಾತಾಡತ್ತಾ?”

“ಇಲ್ಲ, ದೊಡ್ಡ ಮೀನ್ ಮಾತ್ರ.”

“ಹಾಂಗಾರೆ ಬಂಗುಡೆ ತಿನ್ಲಕ್ಕ್.”

ಅಂತೂ ನನ್ನ ಹುಡುಗಿ ಉಳಿದಳು. ಎರಡನೆಯದು, ಮೂರನೆಯದು, ನಾಲ್ಕನೆಯದು, ಎಲ್ಲವನ್ನೂ ತಾಯಿಯೇ ಬಂದು ಒಯ್ದರು, ಔಷಧಿ ಒಯ್ಯುವ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡು. ಕಥೆ ಪೂರ್ತಿಯಾದ ಮೇಲೆ ಒಂದು ದಿನ ಮತ್ತೆ ಓಡಿ ಬಂದರು.

“ಅಕ್ಕ, ಅಜ್ಜ ಹೇಳಿ ಕಳ್ಸಿರ್. ಉಪದ್ರ ಪೂರ್ತಿ ಹೋಯ್ಲಿಲ್ಲ ಅಂಬ್ರ್. ಇನ್ನೊಂದ್ ಕಥೆ ಶುರು ಮಾಡ್ಕ್ ಅಂಬ್ರ್, ಇದ್ರಕ್ಕಿಂತ ದಪ್ಪದ್ದ್.”

“ಎಂತದ್ದು ಕೊಡಲಿ? ಕಡಲಿಂದೇ ಇನ್ನೊಂದಿದೆ, ಬಹಳ ಚಂದ ಉಂಟು.”

“ಅಯ್ಯೋ, ಕಡಲಿಂದ್ ಬ್ಯಾಡವೇ ಬ್ಯಾಡ ಅಂಬ್ರ್! ಕಡೀ ಭಾಗದಂಗೆ ಬಂಗುಡೆಯೂ ಮಾತಾಡ್ತಂಬ್ರಲ್ಲ! ಈಗ ನಮ್ಮ್ ಹೆಣ್ಣ್ ಗಡದ್ದ್ ತಿಂತ್, ಅಜ್ಜಂಗೇ ಬಂಗುಡೆ ಗಂಟ್ಲಂಗೆ ಇಳಿತಿಲ್ಯಂಬ್ರ್!”