ಕೊಸರಿಲ್ಲದೆ ಸೀಟಿಲ್ಲ

ಖಾಸಗಿ ಕಾಲೇಜಿನವರು “ಸ್ಕಾಲರ್‌ಶಿಪ್! ಅರ್ಧ ಫೀಸು ಮಾಫಿ!” ಅಂದ ಕೂಡಲೇ ಪಾಯಸ ಮಾಡಿ, ಪಾತ್ರೆ ತೊಳೆಯುವ ಮೊದಲೇ ತಲೆ ಮೇಲೆ ಕೈ ಹೊತ್ತು ಕೂತಿದ್ದೀರಾ? ನಾನು ಪಾಯಸದವರೆಗೆ ಬಂದಿದ್ದೆ. ಮುಂದಿನದನ್ನು ತಪ್ಪಿಸಿದ್ದು ನನ್ನ ಸೋದರತ್ತೆ.

ಅತ್ತೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೊಸರು ಸಿಗದಿದ್ದರೆ ಅವರು ಬಿಟ್ಟಿ ಗಾಳಿಯನ್ನೂ ಉಸಿರಾಡುವವರಲ್ಲ! ಸೊಪ್ಪು ಕೊಂಡ ಮೇಲೆ ಒಂದಿಷ್ಟು ಕರಿಬೇವು ಕೇಳುವುದು ನಮಗೆಲ್ಲ ಇರುವ ಚಟವೇ. ಅತ್ತೆ ಹಲ್ಲಿನ ಡಾಕ್ಟರನ್ನೂ ಬಿಟ್ಟಿಲ್ಲ. ಒಂದು ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಇಟ್ಟುಕೊಂಡೇ, “ಪಕ್ಕದ್ದೂ ವಸಿ ಅಲ್ಲಾಡ್ತದೆ, ಕೊಸರಿಗೆ ಕಿತ್ತುಬುಡಿ” ಅಂದವರು!

ಇಂಥವರನ್ನು ಅಡ್ಮಿಷನ್ನಿಗೆ ಕರೆದೊಯ್ಯಲು ನನಗೇನು ಹುಚ್ಚೇ? ಕರೆಯಲೇ ಇಲ್ಲ. ವಿದ್ಯಾರಣ್ಯಪುರಂನ ನಮ್ಮ ಮನೆ ಮುಂದೆ ಆಟೊ ಬಂದು ನಿಂತಾಗ, ನಾನೂ ಮಗಳೂ ಚಪ್ಪಲಿ ಹಾಕುವಷ್ಟರಲ್ಲಿ ಅವರು ಒಳಗೆ ಕೂತಾಗಿತ್ತು.

ಕಾಲೇಜು ಊರ ಹೊರಗೆ, ಮಂಡಕಳ್ಳಿ ವಿಮಾನ ನಿಲ್ದಾಣದಿಂದಲೂ ಆಚೆ. ಮಗಳಿಗೆ ಅಲ್ಲೇ ಓದಬೇಕೆಂಬ ಹಟ. ಬೇರೆ ಹೆಸರೆತ್ತಿದರೆ ಊಟ ಬಿಡುತ್ತಾಳೆ. ಆಫೀಸಿನ ಗುಮಾಸ್ತರು ನಗುನಗುತ್ತಾ “ಅರ್ಧ ಮಾಫಿ, ಇಲ್ಲಿ ಸೈನ್ ಮಾಡಿ ಮೇಡಂ” ಅಂದರು. ಪೆನ್ನು ತೆಗೆದೆ. ಅತ್ತೆ ಕೈ ಹಿಡಿದುಕೊಂಡರು.

“ತಡಿ ಕಣೇ. ಏನಪ್ಪಾ, ಕಲ್ಯಾಣಮಂಟಪದ ಲೆಕ್ಕ ಅಲ್ಲ ತಾನೆ ಇದು? ಬಾಡಿಗೆ ಕಮ್ಮಿ ಅಂದ್ಬುಟ್ಟು, ಆಮೇಲೆ ಪಾತ್ರೆಗಿಷ್ಟು, ಕಸಕ್ಕಿಷ್ಟು, ಜನರೇಟರ್‌ಗಿಷ್ಟು ಅಂತಾರಲ್ಲ!”

“ಛೆ ಛೆ, ಹಂಗೇನಿಲ್ಲಮ್ಮ. ಮಾಫಿ ಟ್ಯೂಷನ್ ಫೀಸಿಗೆ ಮಾತ್ರ. ಹಾಸ್ಟೆಲ್ಲು, ಊಟ, ಲ್ಯಾಬು, ಯೂನಿಫಾರಂ ಬೇರೆ.”

“ಅಲ್ಲಿಗೆ ಜನರೇಟರ್ ಬೇರೆ! ಮುಂದಿನ ವರ್ಷಾನೂ ಅರ್ಧಾನೇ ತಾನೆ?”

“ಅದು... ಮಾರ್ಕ್ಸ್ ನೋಡ್ಕೊಂಡು.”

ಎಲ್ಲ ಕೂಡಿಸಿದರೆ, ಮಾಫಿ ಆದ ದುಡ್ಡನ್ನೆಲ್ಲ ಹಾಸ್ಟೆಲ್ಲೊಂದೇ ನುಂಗಿ ತೇಗಿತ್ತು! ಇದು ನಮ್ಮ ಕೈಲಾಗುವ ಮಾತಲ್ಲ ಅಂತ ಎದ್ದೆ. ಮಗಳು ಏಳಲಿಲ್ಲ. ತಲೆ ತಗ್ಗಿಸಿ ಉಗುರು ನೋಡುತ್ತಾ ಕೂತಳು.

“ನೀನೂ ಕೂತ್ಕೊಳ್ಳೇ,” ಅಂದರು ಅತ್ತೆ ನನಗೆ. “ಏನಪ್ಪಾ, ಮಗು ಮನೆಯಿಂದ್ಲೇ ಬಂದ್ರೆ ಒಳಕ್ಕೆ ಬುಡಲ್ವಾ?”

“ಬರಬೋದಮ್ಮ. ಕಾಲೇಜ್ ಬಸ್ಸು ನಿಮ್ಮ ಕಡೆನೇ ಹೋಗುತ್ತೆ. ಅದಕ್ಕೆ ಬೇರೆ...”

“ಗೊತ್ತು ಬುಡು, ಜನರೇಟರ್!”

ಹಾಸ್ಟೆಲ್ ಕಳೆದು ಬಸ್ಸು ಸೇರಿಸಿದೆವು. ಮುಂದೆ ಮಾಫಿ ತಪ್ಪಿದರೂ ಏದುಸಿರು ಬಿಟ್ಟುಕೊಂಡು ತೂಗಿಸಬಹುದು ಅನ್ನಿಸಿತು. ಸಹಿ ಹಾಕಿದೆ. ಇನ್ನೇನು ಬಾಗಿಲು ದಾಟಬೇಕು, ಅತ್ತೆ ತಿರುಗಿ ನಿಂತರು.

“ಕೊಸರು?”

ಭೂಮಿ ಬಾಯಿ ಬಿಡಬಾರದೇ! ಗುಮಾಸ್ತರ ನಗು ಹೋಯಿತು. “ಇನ್ನೊಂದು ರೂಪಾಯಿನೂ ಬಿಡಕ್ಕಾಗಲ್ಲಮ್ಮ.”

“ರೂಪಾಯಿ ಯಾರಪ್ಪ ಕೇಳಿದ್ರು? ಬಸ್ಸಲ್ಲಿ ಕಿಟಕಿ ಸೀಟು ಕೊಡ್ಸು. ಗಾಳಿ ಇಲ್ದಿದ್ರೆ ಇವಳಿಗೆ ವಾಂತಿ ಆಯ್ತದೆ. ಕೇಳಕ್ಕೆ ನಾಚ್ಕೆ, ದಿನಾ ಬಾಯಿ ಮುಚ್ಕೊಂಡು ಸಂಕಟ ಪಡ್ತಾಳೆ.”

ಮಗಳು ಅತ್ತೆಯ ಸೆರಗಿನ ತುದಿ ಹಿಡಿದುಕೊಂಡಳು, ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆ. ಆಟೊ ಹತ್ತುವವರೆಗೂ ಬಿಡಲಿಲ್ಲ.

ಕಾಲೇಜ್ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಕಿಟಕಿ ಸೀಟು ಈಗ ಅವಳದೇ. ನಿಮ್ಮ ಮನೆಯಲ್ಲಿ ಜನರೇಟರ್ ಎಷ್ಟಾಯಿತು? ನಿಮ್ಮ ಪರವಾಗಿ ಕೊಸರು ಕೇಳಿದವರು ಯಾರು? ಕೆಳಗೆ ಬರೆಯಿರಿ, ಅತ್ತೆಗೆ ಓದಿ ಹೇಳುತ್ತೇನೆ.