ಸೂರ್ಯದರ್ಶನದ ತಾರಸಿ ಬೀಗಕ್ಕೊಂದು ಬಿನ್ನಹ

ಸಕಲೇಶಪುರದ ಸಮಸ್ತ ಮಹಾಜನರೇ, ಆಲೂರು ಸೀಮೆಯ ಹಿರಿಯರೇ, ಹೆತ್ತೂರು ಯಸಳೂರುಗಳಲ್ಲಿ ತೋಟವಿಟ್ಟುಕೊಂಡು ಪೇಟೆಯಲ್ಲಿ ಫ್ಲಾಟು ಕೊಂಡಿರುವ ಪುಣ್ಯವಂತರೇ, ಇನ್ನು ಮೇಲೆ ಕೊಳ್ಳಬೇಕೆಂದಿರುವ ಧೈರ್ಯವಂತರೇ, ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ನಾನು ಪತ್ರ ಬರೆಯುತ್ತಿರುವುದು ತಮಗಲ್ಲ. ನಮ್ಮ ಸೂರ್ಯದರ್ಶನ ಅಪಾರ್ಟ್‌ಮೆಂಟಿನ ತಾರಸಿ ಬಾಗಿಲಲ್ಲಿ ಕಳೆದ ಬೇಸಿಗೆಯಿಂದ ತೂಗುತ್ತಿರುವ ಹಿತ್ತಾಳೆ ಬೀಗಕ್ಕೆ. ಅಂಥವರ ಹೆಸರೆತ್ತುವಾಗ ಕೂತಿರುವುದು ಮರ್ಯಾದೆಯಲ್ಲ.

ಮಾನ್ಯ ಬೀಗ ಮಹಾಶಯರೇ,

ತಮ್ಮ ಕ್ಷೇಮವನ್ನು ಮೊದಲು ವಿಚಾರಿಸಬೇಕಾದದ್ದು ನನ್ನ ಧರ್ಮ. ಹೋದ ಮಳೆಗಾಲದಲ್ಲಿ ನಮ್ಮ ಕೊಡೆಯ ಕಡ್ಡಿ, ಕಿಟಕಿಯ ಸರಳು, ಕೊನೆಗೆ ನನ್ನ ಕನ್ನಡಕದ ತಿರುಪು ಕೂಡ ತುಕ್ಕು ಹಿಡಿದರೂ ತಾವು ಮಾತ್ರ ಮದುವೆಗೆ ಹೊರಟವರಂತೆ ಹೊಳೆಯುತ್ತಿದ್ದಿರಿ. ಮಾಲೀಕರ ಸಂಘದ ಆಡಳಿತ ಸಮಿತಿಯವರು ನಿರ್ಣಯ ಮಾಡಿ ತಮಗೆ ಕೊಬ್ಬರಿ ಎಣ್ಣೆ ಹಚ್ಚಿಸಿ, ಮೇಲೊಂದು ಪ್ಲಾಸ್ಟಿಕ್ ಕೊಪ್ಪೆ ಹೊದಿಸಿದ್ದನ್ನು ಕಣ್ಣಾರೆ ಕಂಡವನು ನಾನು. ಮೆಟ್ಟಿಲಿನ ಬಲ್ಬು ಸುಟ್ಟುಹೋಗಿ ಕತ್ತಲಲ್ಲಿ ಎಡವುತ್ತಿದ್ದ ನಮ್ಮ ಬಗ್ಗೆ ನಿರ್ಣಯವಾಗಲಿಲ್ಲವೆಂದು ನಾನು ದೂರುವುದಿಲ್ಲ. ಯೋಗ್ಯತೆಗೆ ತಕ್ಕ ಎಣ್ಣೆ.

ತಾವು ಅವತರಿಸಿದ ಕಾರಣವನ್ನು ಹೊಸಬರಿಗಾಗಿ ಅರುಹುತ್ತೇನೆ. ಯಸಳೂರಿನ ನನ್ನ ತುಂಡು ತೋಟದ ಮೆಣಸನ್ನು ಒಣಗಲೆಂದು ತಾರಸಿಯಲ್ಲಿ ಹರವಿದ್ದೆ. ಗೊಂಚಲಿನ ಕಡ್ಡಿಗಳು ಹೋಗಿ ನೀರಿನ ಕೊಳವೆಗೆ ಕಟ್ಟಿಕೊಂಡು, ಬೇಸಿಗೆಯ ಮೊದಲ ಮಳೆಯ ನೀರು ಮೇಲೆಯೇ ನಿಂತು, ಸಾವಕಾಶವಾಗಿ ಇಳಿದು, ಮೂರನೇ ಮಹಡಿಯಲ್ಲಿರುವ ಚಂದ್ರಶೇಖರರ ಮಲಗುವ ಕೋಣೆಯಲ್ಲಿ ಸರಿಯಾಗಿ ಮಂಚದ ಮೇಲೆ ಹನಿಯಿತು. ಚಂದ್ರಶೇಖರರೆಂದರೆ ನಮ್ಮ ಸಂಘದ ಅಧ್ಯಕ್ಷರು, ಹಾಸನದ ಹಾಸ್ಟೆಲಿನಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವರು. ಮಾರನೆಯ ದಿನ ತಾವು ಆಗಮಿಸಿದಿರಿ. ಅಂದಿನಿಂದ ಕಟ್ಟಡದ ಹೆಸರು ಸೂರ್ಯದರ್ಶನ, ಒಳಗಿದ್ದವರಿಗೆ ಬರೀ ಬೀಗದರ್ಶನ.

ತಾವು ತಡೆದದ್ದು ಮೆಣಸನ್ನಷ್ಟೇ ಆಗಿದ್ದರೆ ಈ ಪತ್ರದ ಅಗತ್ಯವಿರಲಿಲ್ಲ. ಜೊತೆಗೆ ನನ್ನ ತಾಯಿ ಬಸಮ್ಮನವರನ್ನೂ ತಡೆದಿರಿ. ಚಳಿ ಬಿತ್ತೆಂದರೆ ಅವರ ಕೈಬೆರಳು ಸೆಟೆದು ಮುಷ್ಟಿ ಕಟ್ಟಿಕೊಳ್ಳುತ್ತದೆ. ಬೆಳಗಿನ ಬಿಸಿಲಲ್ಲಿ ಒಂದಿಷ್ಟು ಹೊತ್ತು ಕೂತರೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆ, ಇಲ್ಲವಾದರೆ ಸೀರೆಯ ನೆರಿಗೆ ಹಿಡಿಯುವುದಕ್ಕೂ ಸೊಸೆಯನ್ನು ಕೂಗಬೇಕು. ನಮ್ಮದೋ ಬಡಗು ಮುಖದ ಮನೆ, ಬಿಸಿಲು ಒಳಗೆ ಬಂದ ದಾಖಲೆಯಿಲ್ಲ.

ಅಮ್ಮ ಸುಮ್ಮನೆ ಕೂರುವವರಲ್ಲ. ಬೆಳಗಿನ ಬಿಸಿಲು ಕೆಳಗೆ ಎಲ್ಲಿ ಬೀಳುತ್ತದೆಂದು ಹುಡುಕಿ, ಅದು ಅಧ್ಯಕ್ಷರ ಕಾರು ನಿಲ್ಲುವ ಜಾಗವೆಂದು ಕಂಡುಹಿಡಿದು, ಕಾರು ತೋಟಕ್ಕೆ ಹೊರಟ ಕೂಡಲೇ ಅಲ್ಲಿ ಮಣೆ ಹಾಕಿ ಕೂತರು. ಎರಡೇ ದಿನಕ್ಕೆ ಗೋಡೆಗೆ ಚೀಟಿ ಬಿತ್ತು: "ಈ ಸ್ಥಳದಲ್ಲಿ ವಾಹನಗಳನ್ನು ಮಾತ್ರ ನಿಲ್ಲಿಸತಕ್ಕದ್ದು." ಅಮ್ಮ ಅದನ್ನು ಕಾವಲಿನ ಗುಂಡಯ್ಯನಿಂದ ಓದಿಸಿ ಕೇಳಿ, "ನಿಲ್ಸೋದಕ್ಕೆ ತಾನೆ ಬರ್ದಿರಾದು? ನಾನು ನಿಂತಿಲ್ಲ ಕಣಪ್ಪ, ಕೂತಿವ್ನಿ" ಎಂದು ತೀರ್ಪು ಕೊಟ್ಟರು. ಇಷ್ಟು ಸ್ಪಷ್ಟವಾದ ತೀರ್ಪು ಈ ವ್ಯಾಜ್ಯದಲ್ಲಿ ಆಮೇಲೆ ಬರಲೇ ಇಲ್ಲ. ಅಧ್ಯಕ್ಷರು ಅಂದಿನಿಂದ ಕಾರನ್ನು ಅಲ್ಲಿಂದ ಅಲುಗಿಸದೆ ಬಸ್ಸಿನಲ್ಲಿ ತೋಟಕ್ಕೆ ಹೋಗುತ್ತಿದ್ದಾರೆ. ಬಿಸಿಲೆಲ್ಲ ಕಾರಿನ ಮೂತಿಗೆ. ಕಾರಿಗೆ ಕೈಬೆರಳಿಲ್ಲ.

ಇನ್ನು ಆಗಲೇ ಬಂದು ಕೂತಿದ್ದ ತಮ್ಮನ್ನು ಉಳಿಸಿಕೊಳ್ಳುವ ವಿಚಾರವಾಗಿ ಕರೆದ ತುರ್ತು ಸಭೆ. ನಮ್ಮ ಕಾರ್ಯದರ್ಶಿಗಳು ಬಹಳ ವಿನಯವಂತರಾದ್ದರಿಂದ ತಮ್ಮನ್ನು ಏಕವಚನದಲ್ಲಿ ಬರೆಯಲು ಕೈ ಬಾರದೆ, "ಬೀಗರ ವಿಚಾರವಾಗಿ ಮಾತುಕತೆ, ತಪ್ಪದೆ ಬರುವುದು" ಎಂದು ಎಲ್ಲ ಮಾಲೀಕರಿಗೂ ಕಾರ್ಡು ಹಾಕಿದರು. ಸಂಘದ ಚರಿತ್ರೆಯಲ್ಲಿ ಮೊದಲ ಬಾರಿಗೆ ಕೋರಂ ತುಂಬಿತು. ಒಮ್ಮೆಯೂ ಮುಖ ತೋರಿಸದಿದ್ದ ಹೆತ್ತೂರಿನ ಕರಿಯಪ್ಪನವರು ಹೆಂಡತಿಗೆ ರೇಷ್ಮೆ ಸೀರೆ ಉಡಿಸಿಕೊಂಡು, ಎಲೆ ಅಡಿಕೆ ತಟ್ಟೆ ಹಿಡಿದುಕೊಂಡು ಬಂದು, "ಹೆಣ್ಣು ಯಾರ್ ಮನೇದು ಮಾರಾಯ, ಊಟ ಎಲ್ಲಿ ಹಾಕ್ಸಿದೀರಿ?" ಎಂದು ಕೇಳಿದರು. ಊಟವೂ ಇಲ್ಲ, ಹೆಣ್ಣೂ ಇಲ್ಲ, ಇರುವುದೊಂದು ಬೀಗವೆಂದು ತಿಳಿದ ಮೇಲೆ, "ಹಂಗಾರೆ ಇರ್ಲಿ ಬುಡಿ ಅತ್ಲಾಗೆ" ಎಂದು ಕೈಯೆತ್ತಿದರು. ಹಸಿದವರೆಲ್ಲ ಅವರ ಹಿಂದೆ ಕೈಯೆತ್ತಿದರು. ಹೀಗೆ ತಾವು ಬಹುಮತದಿಂದ ಆಯ್ಕೆಯಾದಿರಿ.

ನಾನು ದಾವೆ ಹೂಡಿದೆ. ತಾರಸಿ ಎಲ್ಲ ಮಾಲೀಕರಿಗೂ ಸೇರಿದ್ದು ಎಂದು ಫ್ಲಾಟಿನ ಕ್ರಯಪತ್ರದಲ್ಲಿದೆ. ಎಲ್ಲರದೂ ಅಂದಮೇಲೆ ನನ್ನದೂ ಹೌದು ಎಂದು ನನ್ನ ವಕೀಲರು ವಾದಿಸಿದರೆ, ಎಲ್ಲರದೂ ಅಂದಮೇಲೆ ನಿಮ್ಮದಲ್ಲ ಎಂದು ಸಮಿತಿಯ ವಕೀಲರು ವಾದಿಸಿದರು. ಎರಡೂ ಸರಿಯಾಗಿ ಕೇಳಿಸಿದ್ದರಿಂದಲೋ ಏನೋ, ವಿಚಾರಣೆ ಮುಗಿಯುವ ತನಕ ಉಭಯತ್ರರೂ ಯಥಾಸ್ಥಿತಿ ಕಾಪಾಡತಕ್ಕದ್ದು ಎಂಬ ಆದೇಶವಾಯಿತು. ಆದೇಶವಾದ ಆ ಗಳಿಗೆಯಲ್ಲಿ ಗುಂಡಯ್ಯ ನೀರಿನ ಟ್ಯಾಂಕು ನೋಡಲು ಮೇಲೆ ಹೋಗಿದ್ದನೆಂದು ಆಮೇಲೆ ಗೊತ್ತಾಯಿತು. ಹಾಗಾದರೆ ಬೀಗ ತೆರೆದಿರುವುದೇ ಯಥಾಸ್ಥಿತಿ ಎಂದು ನಾವು. ಟ್ಯಾಂಕು ನೋಡಿದ ಮೇಲೆ ಹಾಕುವುದೇ ಯಥಾಸ್ಥಿತಿ ಎಂದು ಅವರು. ಗುಂಡಯ್ಯನನ್ನು ಕೇಳಿದರೆ, "ಬೀಗ ನೇತಾಡ್ತಿತ್ತು ಕಣ್ರೀ. ತೆಗ್ದಿದ್ರೂ ನೇತಾಡ್ತೈತೆ, ಹಾಕಿದ್ರೂ ನೇತಾಡ್ತೈತೆ, ನಾನು ಟ್ಯಾಂಕ್ ನೋಡ್ಲಾ, ಅದ್ನ ನೋಡ್ಲಾ?" ಎಂದ. ಸಾಕ್ಷಿಯಾಗಿ ಉಳಿದವರು ತಾವೊಬ್ಬರೇ. ಆ ಸಂಕಟದಲ್ಲಿ ನಾನೊಂದು ಪದ್ಯ ಕಟ್ಟಿದೆ:

ಬಾಗಿಲಿಗೊಂದು ಬೀಗ, ಬಿಸಿಲಿಗೂ ಒಂದು ಬೀಗ;
ಸಾಗಲಿ ನಮ್ಮ ದಾವೆ, ಸೂರ್ಯನ ಸರದಿ ಯಾವಾಗ?

ಪ್ರಾಸ ಸಿಕ್ಕಿತು, ಬಿಸಿಲು ಸಿಕ್ಕಲಿಲ್ಲ. ವಕೀಲರು ಇದನ್ನು ಅರ್ಜಿಗೆ ಲಗತ್ತಿಸಲು ಒಪ್ಪಲಿಲ್ಲ.

ಈಗ ಬರುವ ಶನಿವಾರ ಲೋಕ ಅದಾಲತ್ತಿನಲ್ಲಿ ರಾಜಿಗೆ ಕೂರಬೇಕಾಗಿದೆ. ತಾರಸಿಯಲ್ಲಿ ಇನ್ನೆಂದೂ ಮೆಣಸು ಹರವುವುದಿಲ್ಲವೆಂದು ಬರೆದುಕೊಟ್ಟರೆ ಬೀಗ ತೆಗೆಸುತ್ತೇನೆಂದು ಅಧ್ಯಕ್ಷರು ಹೇಳಿಕಳಿಸಿದ್ದಾರೆ. ಹಕ್ಕಿನ ಪ್ರಶ್ನೆ, ಬರೆದುಕೊಡುವುದಿಲ್ಲವೆಂದು ನಾನು ಹೇಳಿಕಳಿಸಿದ್ದೇನೆ. ಇಬ್ಬರ ಮನೆಗೂ ನಡುವೆ ಇರುವುದು ಒಂದು ಮೆಟ್ಟಿಲ ಸಾಲು, ಸುದ್ದಿ ಹೋಗಿಬರುವುದು ಮಾತ್ರ ಇಬ್ಬರು ವಕೀಲರ ಮೂಲಕ. ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಯೇನೆಂದರೆ, ತಾವೇ ಖುದ್ದಾಗಿ ಅದಾಲತ್ತಿಗೆ ದಯಮಾಡಿಸಿ, ಬಾಯಿ ತೆರೆಯಬೇಕು. ಬಾಯಿ ತೆರೆದರೆ ಸಾಕು, ಸಾಕ್ಷಿ ನುಡಿಯದಿದ್ದರೂ ನಡೆಯುತ್ತದೆ. ಅದಾಗದಿದ್ದಲ್ಲಿ ದಿನಾ ಬೆಳಿಗ್ಗೆ ಸೂರ್ಯನನ್ನು ತಮ್ಮ ಕೀಲಿಕಂಡಿಯಿಂದ ಒಳಕ್ಕೆ ಬಿಟ್ಟು ಎರಡನೇ ಮಹಡಿಯವರೆಗೆ ಇಳಿಸಿಕೊಡಬೇಕು. ಅದೂ ಆಗದಿದ್ದಲ್ಲಿ, ತಮ್ಮ ಘನತೆಗೆ ಕುಂದಾಗದ ಹಾಗೆ, ಸ್ವಲ್ಪ ತುಕ್ಕಾದರೂ ಹಿಡಿಯಬೇಕು.

ಸದಾ ತಮ್ಮ ಕೆಳಗಿನ ಮೆಟ್ಟಿಲಲ್ಲಿ ತಲೆಯೆತ್ತಿ ನಿಂತಿರುವ ವಿಶ್ವಾಸಿ,
ನಂಜುಂಡ
(ವಾದಿ, ಎರಡನೇ ಮಹಡಿ, ಬಡಗು ಮುಖ)

ಮರೆತ ಮಾತು: ಈ ಪತ್ರವನ್ನು ನಮ್ಮ ನೋಟೀಸು ಬೋರ್ಡಿಗೇ ಹಚ್ಚೋಣವೆಂದು ಹೋದೆ. ಬೋರ್ಡಿಗೆ ಗಾಜಿನ ಬಾಗಿಲು ಮಾಡಿಸಿ ಅಲ್ಲಿಗೂ ತಮ್ಮ ಕಿರಿಯ ಸಹೋದರರೊಬ್ಬರನ್ನು ನೇಮಿಸಿದ್ದಾರೆ, ಮನೆತನಕ್ಕೆ ಅಭಿನಂದನೆಗಳು. ಹಾಗಾಗಿ ಪತ್ರಿಕೆಗೆ ಕಳಿಸಿದ್ದೇನೆ. ಅಧ್ಯಕ್ಷರು ಈಗ ಬಸ್ಸಿನಲ್ಲಿ ಓಡಾಡುವುದರಿಂದ ಪೇಪರು ಪೂರ್ತಿ ಓದುತ್ತಾರಂತೆ.

ಬೀಗಕ್ಕೆ ಓದು ಬರಲ್ಲ ಚಂದ್ರ, ಇದು ನಿನಗೇ ಬರೆದದ್ದು. ಇವತ್ತು ಬೆಳಿಗ್ಗೆ ಅಮ್ಮನ ಕೈಯಲ್ಲಿ ಕಾಫಿ ಲೋಟ ನಿಲ್ಲಲಿಲ್ಲ. ಕೆಳಗೆ ಬಿತ್ತು. ಹಕ್ಕೂ ಬ್ಯಾಡ ಗಿಕ್ಕೂ ಬ್ಯಾಡ, ಮೆಣಸು ಹರವಲ್ಲ ಅಂತ ಎಲ್ಲಿ ಬೇಕಾದ್ರೂ ಬರ್ಕೊಡ್ತೀನಿ. ಶನಿವಾರದ ತಂಕ ಕಾಯ್ಸಬ್ಯಾಡ ಕಣೋ, ಕೀ ಕೊಡು.